ಸುಣ್ಣದ ಗೆರೆಯ ಅಡುಗೆಮನೆ

ವಾಸ್ತುಶಿಲ್ಪಿಯಾದ ನನ್ನ ಮೂಗಿಗೆ, ನಿವೇಶನದಲ್ಲಿ ನಕ್ಷೆ ಗುರುತಿಸುವ ಸುಣ್ಣದ ಪುಡಿಯ ಘಾಟು ಬಡಿದರೆ ಸಾಕು, ಬಾಲ್ಯದಲ್ಲಿ ಕಂಡ ಕುಕನೂರಿನ ಒಂದು ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಅಪ್ಪ ಖಾಲಿ ಜಾಗದಲ್ಲಿ ಹೊಸ ಮನೆಯ ಗೆರೆ ಎಳೆದು ಮುಗಿಸಿದ್ದ. ಅಜ್ಜಿ ಅಡುಗೆಮನೆಯ ಚೌಕದಲ್ಲಿ ಕುಳಿತು, ಹಿಟ್ಟಿಲ್ಲದ ಬರಿಗೈಯಲ್ಲೇ ರೊಟ್ಟಿ ಬಡಿದಂತೆ ಮಾಡಿ ಜಾಗ ಪರೀಕ್ಷಿಸಿದಳು.

“ಇಲ್ಲಿ ಕುಂತ್ರ ತಲಬಾಗಲಾ ಕಾಣಂಗಿಲ್ಲ. ಯಾರ ಬಂದ್ರು, ಯಾರ ಹೋದ್ರು, ನನಗ ಹೆಂಗ ತಿಳೀಬೇಕು?”

“ಎಲ್ಲಾ ಬಯಲ ಐತಲ್ಲಬೇ, ಕಾಣ್ತೈತಿ,” ಎಂದ ಅಪ್ಪ.

“ನಡುವ ಗ್ವಾಡಿ ಐತಲ್ಲೋ,” ಎಂದು ಪುಡಿಯ ಗೆರೆ ತೋರಿಸಿದಳು. ಅದು ಸರಿಯುವವರೆಗೆ ಏಳುವ ಲಕ್ಷಣವಿರಲಿಲ್ಲ.

ಅಪ್ಪ ಗೋಡೆಯನ್ನು ಅಂಗಾಲಿನಿಂದ ಒರೆಸಿ, ಪಕ್ಕಕ್ಕೆ ಹೊಸ ಗೆರೆ ಎಳೆದ. ಅಷ್ಟರಲ್ಲಿ ಬಂದ ಅಜ್ಜ, ಸುತ್ತಲೂ ಬಯಲಿದ್ದರೂ, ಬಾಗಿಲಿಗೆಂದು ಬಿಟ್ಟ ಸಂದಿನೆದುರು ಚಪ್ಪಲಿ ಕಳಚಿ, ತಲೆ ತಗ್ಗಿಸಿ ಒಳಬಂದ.

“ಈಗ ಕಂಡ್ರಿ ನೋಡ್ರಿ,” ಎಂದಳು ಅಜ್ಜಿ. “ಕುಂದರ್ರಿ, ಚಾ ಇಡ್ತೀನಿ.”