ಯಾವ ಮುತ್ತಿ?

ನಿತೇಶ್ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದ. ತಿತಿಮತಿ ಹತ್ತಿರದ ಆದಿವಾಸಿ ಹಾಡಿಯ ಹದಿನೇಳು ಮನೆಗಳು ಇಲ್ಲವಾದವು. ಬೆಂಕಿ ಬಿದ್ದಿರಲಿಲ್ಲ, ಆನೆ ನುಗ್ಗಿರಲಿಲ್ಲ. ಸರ್ವೆಯ ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರುಗಳನ್ನು ಕಂಪ್ಯೂಟರ್ ತಾನೇ ಹುಡುಕಿ ಅಳಿಸಿತ್ತು, ಅಷ್ಟೆ. ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಿದ್ದ ಪವಿತ್ರಾ ಪರದೆಯತ್ತ ಬಗ್ಗಿದಳು. ಹೋದ ಮನೆಗಳಲ್ಲಿ ಅವಳದೂ ಒಂದು.

"ಸಾರ್, ಅವೆಲ್ಲ ಬೇರೆ ಬೇರೆ ಮನೆ," ಅಂದಳು.

"ಹೇಗೆ ಬೇರೆ? ನೀನೇ ನೋಡು. ಮುತ್ತಿ, ಗಂಡ ಚೋಮ, ಹುಟ್ಟಿದ್ದು ಜನವರಿ ಒಂದು. ಕೆಳಗೆ ಮತ್ತೆ ಮುತ್ತಿ, ಗಂಡ ಚೋಮ, ಜನವರಿ ಒಂದು. ನಾಲ್ಕು ಸಲ ಬಂದಿದಾಳೆ ಈ ಮಹಾತಾಯಿ. ಸರ್ವೆಗೆ ಹೋದ ಹುಡುಗರು ನೆರಳಲ್ಲಿ ಕೂತು ಒಂದೇ ಮನೇನ ನಾಲ್ಕು ಸಲ ತುಂಬಿಸಿದಾರೆ."

"ನಾಲ್ಕು ಜನ ಮುತ್ತಿ ಇದಾರೆ ಸಾರ್. ನಮ್ಮಲ್ಲಿ ಅಜ್ಜಿ ಹೆಸರೇ ಮೊಮ್ಮಗಳಿಗೆ, ಅಜ್ಜನ ಹೆಸರೇ ಮೊಮ್ಮಗನಿಗೆ ಇಡೋದು. ಹುಟ್ಟಿದ ದಿನ ಗೊತ್ತಿಲ್ಲ ಅಂದವ್ರಿಗೆಲ್ಲ ಆಧಾರ್ ಮಾಡೋಕೆ ಬಂದೋರು ಜನವರಿ ಒಂದು, ವರ್ಷಾನೂ ಅಂದಾಜಿಗೆ ಒಂದೇ ಅಂತ ಬರ್ಕೊಂಡು ಹೋದ್ರು."

ನಿತೇಶ್ ಕೆಟ್ಟವನೇನಲ್ಲ. ಮೈಸೂರಿನವನು, ಮಧ್ಯಾಹ್ನದ ಬುತ್ತಿಯನ್ನು ಎಲ್ಲರಿಗೂ ಹಂಚಿ ತಿನ್ನುವವನು. ಬಿ.ಎ. ಸಮಾಜಶಾಸ್ತ್ರ ಓದುವವರಿಗೆ ಅಂಕಿಅಂಶದ ಕೆಲಸ ಕಲಿಸಿ, ಮೇಲೆ ಸಂಬಳವನ್ನೂ ಕೊಡುವ ಈ ಬೇಸಿಗೆ ಇಂಟರ್ನ್‌ಶಿಪ್ಪಿಗೆ ಪವಿತ್ರಾಳನ್ನು ಆರಿಸಿದ್ದೇ ಅವನು. ಹೋದ ವರ್ಷದ ರಜೆಯಲ್ಲಿ ಅವಳು ಎಸ್ಟೇಟಿನಲ್ಲಿ ಮೆಣಸು ಕೊಯ್ಯಲು ಏಣಿ ಹತ್ತುತ್ತಿದ್ದಳು. ಈ ವರ್ಷ ಗೋಣಿಕೊಪ್ಪದ ಸರ್ವೆ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಅವಳಿಗೊಂದು ಕುರ್ಚಿ ಇತ್ತು. ಆದರೆ ಒಳ್ಳೆಯವರಿಗೂ ಅವಸರ ಇರುತ್ತದೆ. ಸಂಜೆಯೊಳಗೆ ವರದಿ ಹೋಗಬೇಕಿತ್ತು. ಅರವತ್ತು ಮನೆ ದಾಟಿದ ಹಾಡಿಗಷ್ಟೇ ನೀರಿನ ಟ್ಯಾಂಕು, ನಲ್ಲಿ. ಬೆಳಿಗ್ಗೆ ಅವಳ ಹಾಡಿ ದಾಟಿತ್ತು, ಈಗ ಇಲ್ಲ.

"ಆ ನಾಲ್ವರಲ್ಲಿ ಒಬ್ಳು ನಮ್ಮಮ್ಮ ಸಾರ್."

"ಅದಕ್ಕೇ ಹೇಳೋದು, ನೀನು ಇದರಲ್ಲಿ ತಲೆ ಹಾಕ್ಬೇಡ ಅಂತ. ಸ್ವಂತ ಮನೆ ವಿಷಯ ಅಂದ್ರೆ ಅದು ಡೇಟಾ ಆಗಲ್ಲ, ಪಕ್ಷಪಾತ ಆಗುತ್ತೆ."

"ಹಾಗಾದ್ರೆ ಇವತ್ತು ಬೆಳಿಗ್ಗೆ ನಾನು ಯಾವ ಮನೆಯಿಂದ ಬಂದೆ?"

ಎದುರಿನ ಮೇಜಿನಲ್ಲಿ ಅವಳ ಹಾಗೇ ಇಂಟರ್ನ್‌ಶಿಪ್ಪಿಗೆ ಬಂದ ಇಬ್ಬರು ಹುಡುಗಿಯರಿದ್ದರು. ಇಬ್ಬರ ಹೆಸರೂ ಅನುಶ್ರೀ. ಪವಿತ್ರಾ ಅವರತ್ತ ಕೈ ತೋರಿಸಿದಳು.

"ಅವ್ರಲ್ಲಿ ಯಾರನ್ನ ಅಳಿಸ್ತೀರಾ ಸಾರ್?"

ಅನುಶ್ರೀಯರಿಬ್ಬರೂ ತಲೆ ತಗ್ಗಿಸಿ ತಮ್ಮ ತಮ್ಮ ಪರದೆ ನೋಡತೊಡಗಿದರು. ನಿತೇಶ್ ರೇಗಿದ. "ಅವರನ್ನ ಬೇರೆ ಮಾಡೋಕೆ ಇನಿಷಿಯಲ್ ಇದೆ ಕಣಮ್ಮ. ಇವರಿಗೆ ಏನಿದೆ? ಮನೆ ನಂಬರಿಲ್ಲ. ಆಧಾರ್ ನಂಬರು ನಾವು ಕೇಳೋ ಹಾಗಿಲ್ಲ. ಏನಾದ್ರೂ ಒಂದು ಗುರುತು ಇಲ್ಲದೆ ನಾನು ಸೇರಿಸೋಕಾಗಲ್ಲ. ನೀನು ಫೈಲ್ ಮುಟ್ಬೇಡ. ಮುಟ್ಟಿದ್ರೆ ಸರ್ಟಿಫಿಕೇಟೂ ಇಲ್ಲ, ಸಂಬಳಾನೂ ಇಲ್ಲ."

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಸಂಬಳವನ್ನು ನಂಬಿಕೊಂಡೇ ಅವಳು ಮುಂದಿನ ವರ್ಷ ಓದುವ ಕನಸು ಕಂಡಿದ್ದಳು. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು, ಅಳಿಸಿದ್ದನ್ನೆಲ್ಲ ವಾಪಸು ತಂದಳು, ಹೆಸರಿನ ಪಕ್ಕದಲ್ಲಿ ಹೊಸದೊಂದು ಕಾಲಂ ಹಾಕಿ ಮೇಲೆ 'ಹಾಡಿಯಲ್ಲಿ ಕರೆಯುವುದು' ಎಂದು ಬರೆದಳು. ಹಾಡಿಯಲ್ಲಿ ಬರೀ ಮುತ್ತಿ ಎಂದು ಯಾರೂ ಕೂಗುವುದಿಲ್ಲ; ಕೂಗಿದರೆ ನಾಲ್ಕು ಕಡೆಯಿಂದ 'ಏನು' ಎಂದು ಕೇಳುತ್ತದೆ. ಆನೆ ಓಡಿಸಿದ ಮುತ್ತಿ, ಎಂದು ಟೈಪಿಸಿದಳು. ಹಲಸಿನ ಮರದ ಮುತ್ತಿ. ಬಸ್ಸು ತಪ್ಪಿಸಿಕೊಳ್ಳುವ ಮುತ್ತಿ.

ನಿತೇಶ್ ತಡೆಯಲು ಎತ್ತಿದ ಕೈ ಹಾಗೇ ನಿಂತಿತು. "ಏನಿದು? ಇದನ್ನ ವರದಿಲಿ ಹಾಕೋಕಾಗುತ್ತಾ? ಮೇಲಿನವ್ರು ಓದಿ ನಗ್ತಾರೆ."

"ನಗ್ಲಿ ಸಾರ್. ನಗ್ತಾನೇ ಎಣಿಸ್ಲಿ."

ಅಮ್ಮನ ಸಾಲಿಗೆ ಬಂದಾಗ ಮಾತ್ರ ಅವಳ ಬೆರಳು ತಡವರಿಸಿತು. ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ, ಹಾಡಿಗೆ ಬರಬೇಕಾದ ನೀರಿನ ಟ್ಯಾಂಕರ್ ರೆಸಾರ್ಟಿನ ದಾರಿ ಹಿಡಿದಿತ್ತು. ಅಮ್ಮ ಖಾಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ನಡುವೆ ಕೂತುಬಿಟ್ಟಳು. ಡ್ರೈವರ್ ಹಾರನ್ ಹೊಡೆದ, ಬೈದ, ಕೊನೆಗೆ ಗಾಡಿ ತಿರುಗಿಸಿದ. ನೀರು ಬಂತು, ಹೆಸರೂ ಅಂಟಿತು. ಆ ಹೆಸರು ಹಿಡಿದು ಶಾಲೆಯಲ್ಲಿ ಹುಡುಗರು ಕೂಗಿದಾಗ ಪವಿತ್ರಾ ಅತ್ತಿದ್ದಳು, ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಈಗ ಒಂದೊಂದೇ ಅಕ್ಷರ ಒತ್ತಿ ಬರೆದಳು: ಜಗಳಗಂಟಿ ಮುತ್ತಿ.

ಮುತ್ತಿಯರು ಮುಗಿದು ಸಣ್ಣಿಯರು ಬಂದರು, ಸಣ್ಣಿಯರು ಮುಗಿದು ಚಿಕ್ಕ ಎಂಬ ಹೆಸರಿನವರು. ಎಲ್ಲರಿಗೂ ಒಂದೊಂದು ಹೆಸರಿತ್ತು. ನಿತೇಶ್ ಕುರ್ಚಿ ಹತ್ತಿರಕ್ಕೆಳೆದುಕೊಂಡು ಕೊನೆಯ ಸಾಲಿನವರೆಗೂ ಓದಿದ. ಓದುತ್ತ ಓದುತ್ತ ಅವನ ಸಿಟ್ಟು ತಣ್ಣಗಾಯಿತು.

"ಸರಿ, ಕಳಿಸೋಣ. ಆದ್ರೆ ಕೆಳಗೆ 'ಪರಿಶೀಲಿಸಿದವರು' ಅಂತ ಇದೆ ನೋಡು. ಅಲ್ಲಿ ನನ್ನ ಹೆಸರು ಹಾಕಲ್ಲ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ನಿನ್ನನ್ನೇ ಕೇಳ್ಲಿ. ಬರೀ ಪವಿತ್ರಾ ಅಂದ್ರೆ ಸಾಲದು, ಯಾವ ಪವಿತ್ರಾ ಅಂತ ಗೊತ್ತಾಗ್ಬೇಕು."

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

'ಪವಿತ್ರಾ,' ಎಂದು ಟೈಪಿಸಿದಳು, 'ಜಗಳಗಂಟಿ ಮುತ್ತಿಯ ಮಗಳು.'