ಅಂಕಣಕ್ಕೆ ತಂದ ಮಣ್ಣು

ಯಶವಂತ ತಲೆಯ ಮೇಲಿನ ಮಂಕರಿಯನ್ನಿಳಿಸಿ ಕಬಡ್ಡಿ ಅಂಕಣದ ನಡುವೆ ಮಣ್ಣು ಸುರಿದಾಗ ಕೋಚ್ ಮುನಿರಾಜಪ್ಪನ ಕಣ್ಣು ತುಂಬಿತು. ಸಂಘಕ್ಕೆ ಹೊಸದಾಗಿ ಸೇರುವವನು ತನ್ನ ಹೊಲದ ಒಂದು ಮಂಕರಿ ಮಣ್ಣನ್ನು ಇಲ್ಲಿ ಸುರಿಯಬೇಕು. ಸಂಘ ಕಟ್ಟಿದ ಪಿಳ್ಳಪ್ಪ ಹಾಕಿಕೊಟ್ಟ ಪದ್ಧತಿ ಅದು. ಊರಿನ ಹೊಲಗಳೆಲ್ಲ ಕಾರ್ಖಾನೆಗೆ ಹೋದ ಮೇಲೆ ಹೊಸಬರು ಯಾರೂ ಬಂದಿರಲಿಲ್ಲ. ಪಿಳ್ಳಪ್ಪನೂ ಹೋದ ತಿಂಗಳು ತೀರಿಕೊಂಡಿದ್ದ. ಇವತ್ತು ಅವನ ಮೊಮ್ಮಗ ಯಶವಂತನೇ ಏಳನೆಯವನಾಗಿ ಬಂದಿದ್ದ. ಇನ್ನು ತಂಡ ಮತ್ತೆ ಪಂದ್ಯಕ್ಕಿಳಿಯಬಹುದು.

ಉಳಿದ ಆರು ಜನ ಎಂದಿನಂತೆ ಆ ಮಣ್ಣನ್ನು ತುಳಿದು ಹರಡತೊಡಗಿದರು.

"ಕಾರ್ಖಾನೆ ಬೇಲಿಯೊಳಕ್ಕೆ ಬಿಟ್ರೇನಪ್ಪಾ ನಿನ್ನ?" ಮುನಿರಾಜಪ್ಪ ಕೇಳಿದ.

"ಎಲ್ಲಿ ಬಿಡ್ತಾರೆ ಮಾವ, ಗೇಟಿಂದಾನೇ ಓಡಿಸಿಬಿಟ್ರು."

"ಮತ್ತೆ ಈ ಮಣ್ಣು?"

ಯಶವಂತ ತಲೆ ತಗ್ಗಿಸಿದ. "ನಮ್ದು ಅಂತ ಇನ್ನೆಲ್ಲಿ ನೆಲ ಉಳಿದಿದೆ ಮಾವ? ಸ್ಮಶಾನದಲ್ಲಿ ತಾತನ ಮೇಲೆ ಹಾಕಿದ್ವಲ್ಲ, ಆ ಗುಡ್ಡೆಯಿಂದ ತಂದೆ."

ತುಳಿಯುತ್ತಿದ್ದ ಕಾಲುಗಳು ಹಾಗೇ ನಿಂತವು. ಒಬ್ಬೊಬ್ಬರೇ ಗೆರೆ ದಾಟಿ ಆಚೆ ಬಂದರು. ಮುನಿರಾಜಪ್ಪ ಊದಲೆಂದು ಎತ್ತಿದ್ದ ಸೀಟಿಯನ್ನು ಕೆಳಗಿಳಿಸಿದ. ಪಾದಕ್ಕಂಟಿದ ಮಣ್ಣನ್ನು ಕೊಡವಿಕೊಳ್ಳಲು ಒಬ್ಬರಿಗೂ ಧೈರ್ಯವಾಗಲಿಲ್ಲ.