ತಿರುವಿನ ಸದ್ದು

ಗ್ಯಾರೇಜಿನ ಮುಂದಿನ ರಸ್ತೆಯುಬ್ಬನ್ನು ದಾಟಿದರೂ ಕಾರು ತುಟಿಪಿಟಿಕ್ ಅನ್ನಲಿಲ್ಲ. ಸ್ಟೇರಿಂಗ್ ಹಿಡಿದವನು ಗಕ್ಕನೆ ಬ್ರೇಕ್ ಒತ್ತಿದ. ಹಿಂದಕ್ಕೆ ತಂದು ಇನ್ನೊಮ್ಮೆ ಹತ್ತಿಸಿದ, ಬೇಕೆಂದೇ ಜೋರಾಗಿ ಇಳಿಸಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಯಿತು ಗಾಡಿ. ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಒಡಹುಟ್ಟಿದ ತಮ್ಮ. ಈಗ ಹೊಗಳುತ್ತಾರೆ, ಆಗ ಹೊಗಳುತ್ತಾರೆ ಎಂದು ಕಾಯುತ್ತಿದ್ದ.

"ನಾನು ಹೇಳಿದ್ದು ನೀರಿನ ಪಂಪ್ ಒಂದೇ. ಆ ಕಟಕಟ ಎಲ್ಲಿ ಹೋಯ್ತು?"

"ಅದನ್ನೂ ತೆಗೆದೆ ಭಾವ. ಅಕ್ಕ ಕೂರೋ ಗಾಡಿ ಅಲ್ವಾ? ನಿಮ್ಮನ್ನ ಕೇಳಿದ್ರೆ ಮುಂದಿನ ಸಲ ನೋಡೋಣ ಅಂತೀರಿ. ಅದಕ್ಕೇ ಕೇಳ್ಲಿಲ್ಲ."

ಮೀಟರು ಒಂದು ಸುತ್ತು ಮುಗಿಸಿ, ಮತ್ತೆ ಸೊನ್ನೆಯಿಂದ ಹೊರಟು, ಅದೂ ಸಾಕಾಗಿ ನಿಂತುಹೋಗಿದ್ದ ಕಾರು ಅದು. ಕ್ಲಚ್ಚು ಬದಲಾಗಿತ್ತು, ರೇಡಿಯೇಟರ್ ಬದಲಾಗಿತ್ತು, ಒಂದು ಬಾಗಿಲು ಬೇರೆಯೇ ಬಣ್ಣದ್ದು. ಹಾರ್ನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತದೆ ಎಂದು ಹೆಂಡತಿ ಒಂದು ಕಾಲದಲ್ಲಿ ರೇಗಿಸುತ್ತಿದ್ದಳು. ಎಲ್ಲ ರಿಪೇರಿಗೂ ಒಪ್ಪುತ್ತಿದ್ದವನು ಮುಂದಿನ ಚಕ್ರದ ಆ ಕಟಕಟಕ್ಕೆ ಮಾತ್ರ ಕೈ ಹಾಕಲು ಬಿಟ್ಟಿರಲಿಲ್ಲ. ಭಾವಮೈದುನ ಜಿಪುಣತನ ಎಂದುಕೊಂಡಿದ್ದ. ಇವನೂ ಅನ್ನಿಸಿಕೊಂಡು ಸುಮ್ಮನಿದ್ದ.

ಇವತ್ತು ಹೇಳದೆ ಗತಿಯಿರಲಿಲ್ಲ. ಹೆಂಡತಿಯ ಮರೆವು ಬೀಗದ ಕೈ, ಒಲೆ, ಬಚ್ಚಲಿನ ನಲ್ಲಿ ಎಲ್ಲವನ್ನೂ ದಾಟಿ ಅವನ ಮುಖದ ತನಕ ಬಂದಾಗಿತ್ತು. ಎದುರಿಗೆ ನಿಂತರೆ ಅವಳಿಗೆ ಅವನು ಯಾರೋ ಅಪರಿಚಿತ. ಆದರೆ ಬೀದಿಯ ತಿರುವಿನ ಉಬ್ಬಿನ ಮೇಲೆ ಕಾರು ಕಟಕಟ ಎಂದರೆ ಸಾಕು, 'ಬಂದ್ರು' ಎಂದು ತಾನೇ ಎದ್ದು ಬಾಗಿಲು ತೆರೆಯುತ್ತಿದ್ದಳು. ಆ ಸದ್ದಿನ ಬೆನ್ನಿಗೇ ಒಳಗೆ ಬಂದವನು ಗಂಡನಾಗುತ್ತಿದ್ದ, ಮಲಗುವ ತನಕ ಗಂಡನಾಗಿಯೇ ಉಳಿಯುತ್ತಿದ್ದ. ಅದಕ್ಕೆಂದೇ ಯಾವ ಕೆಲಸ ಇಲ್ಲದಿದ್ದರೂ ದಿನಾ ಸಂಜೆ ಕಾರು ತೆಗೆದು ಒಂದು ಸುತ್ತು ಹೋಗಿ ಬರುತ್ತಿದ್ದ.

"ನನ್ನನ್ನ ಚೆನ್ನಾಗೇ ಗುರುತು ಹಿಡೀತಾಳಲ್ಲ ಅಕ್ಕ," ಎಂದ ಭಾವಮೈದುನ. ಅವನ ಮುಖ ಇಳಿದುಹೋಗಿತ್ತು.

"ನೀನು ಅವಳ ಬೆನ್ನಿಗೆ ಹುಟ್ಟಿದವನು. ನಾನು ಆಮೇಲೆ ಬಂದವನು. ಆಮೇಲೆ ಬಂದಿದ್ದೇ ಮೊದಲು ಹೋಗುತ್ತಂತೆ," ಎಂದು ಇವನು ಕಾರಿನ ಚಕ್ರ ನೋಡುತ್ತಾ ಹೇಳಿದ. "ಹಳೇದನ್ನೇ ಹಾಕ್ಬಿಡಪ್ಪಾ."

ಭಾವಮೈದುನ ಮೊದಲು ಕಾರಿನಡಿಗೆ ನುಸುಳಿ ಒಂದು ತಗಡಿನ ಚೂರು ಕಟ್ಟಿ ನೋಡಿದ. ಉಬ್ಬಿನ ಮೇಲೆ ಅದು ಟಣಟಣ ಎಂದಿತು. ಅದು ಇನ್ಯಾರದೋ ಗಾಡಿಯ ಸದ್ದು. ಬಿಚ್ಚಿ ಬಿಸಾಡಿ, ಮೂಲೆಯ ಡಬ್ಬಿಯಿಂದ ಚಕ್ರ ಹಿಡಿದಿಡುವ ಹಳೆಯ ಬಾಲ್ ಜಾಯಿಂಟ್ ತಂದು ಅಲ್ಲಾಡಿಸಿ ತೋರಿಸಿದ. ಸವೆದ ಗುಂಡು ತನ್ನ ಗೂಡಿನಿಂದ ಹೊರಗೇ ಬಂತು. ಇನ್ನೊಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಚಕ್ರ ಒಂದು ದಾರಿ, ಗಾಡಿ ಒಂದು ದಾರಿ ಆಗುತ್ತಿತ್ತು ಎಂದ. "ಇದನ್ನ ಮತ್ತೆ ಹಾಕೋಕೆ ನನ್ನ ಕೈಯಲ್ಲಾಗಲ್ಲ ಭಾವ. ಅಕ್ಕನಿಗೆ ನೀವಾದ್ರೂ ಉಳೀಬೇಕಲ್ಲ."

ಮನೆಯ ದಾರಿಯುದ್ದಕ್ಕೂ ಅವನು ಗುಂಡಿಗಳನ್ನು ಹುಡುಕಿ ಹುಡುಕಿ ಕಾರು ಇಳಿಸಿದ. ತಿರುವಿನ ಉಬ್ಬಿನ ಮೇಲಂತೂ ಗಾಡಿಯನ್ನು ಹಾರಿಸಿಯೇ ಬಿಟ್ಟ. ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ನಡೆಯಿತು ಕಾರು. ಮನೆ ಮುಂದೆ ನಿಂತು ಹಾರ್ನ್ ಒತ್ತಿದ. ಎಂದಿನಂತೆ ಅದೂ ಬಾಯಿ ಬಿಡಲಿಲ್ಲ.

ಬಾಗಿಲು ತೆರೆದವಳು ಪಕ್ಕದ ಮನೆಯಾಕೆ. ಅವನು ಬರುವ ತನಕ ಜೊತೆಗಿದ್ದು ಹೋಗುವುದು ಅವಳ ವಾಡಿಕೆ. ಅವಳು ಹೊರಟ ಮೇಲೆ, ಕಿಟಕಿಯ ಬಳಿ ಕುಳಿತಿದ್ದ ಹೆಂಡತಿ ಅವನನ್ನು ನೋಡಿ ಕೂದಲು ಸರಿಮಾಡಿಕೊಂಡು ನೆಟ್ಟಗಾದಳು.

"ನಾನೇ ಕಣೇ," ಎಂದ.

ಅವಳು ಮರ್ಯಾದೆಯಿಂದ ನಕ್ಕು ಎದುರಿನ ಕುರ್ಚಿ ತೋರಿಸಿದಳು. "ಯಜಮಾನ್ರು ಇನ್ನೂ ಬಂದಿಲ್ಲ. ಕೂತ್ಕೊಳ್ಳಿ, ಇನ್ನೇನು ಬಂದ್ಬಿಡ್ತಾರೆ. ಅವರ ಗಾಡಿ ತಿರುವಿಗೆ ಬಂದ್ರೆ ಇಲ್ಲಿಗೇ ಕೇಳುತ್ತೆ."

ಅವನು ಕುಳಿತ. ಅವಳು ಬೀದಿಯ ಕಡೆಗೆ ಕಿವಿಗೊಟ್ಟಳು. ಸ್ವಲ್ಪ ಹೊತ್ತಿಗೆ ಅವನೂ ಕಿವಿಗೊಟ್ಟ.